ನಿಕಾಹ್ ಆಯ್ತು, ಊರಿಗೆ ಬರೋ ವೀಸಾ?

ಶಿರಂಗಾಲ, ಕುಶಾಲನಗರ ಕಡೆಯ ನಮ್ಮ ಹುಡುಗರು ಗಲ್ಫ್‌ಗೆ ಹೋಗೋದು ಹೊಸತೇನಲ್ಲ. ಅಲ್ಲೇ ದುಡಿಯುವ ಶ್ರೀಲಂಕಾದ ಅಥವಾ ಫಿಲಿಪ್ಪೀನ್ಸ್‌ನ ಮುಸ್ಲಿಂ ಹೆಣ್ಣನ್ನು ಮದುವೆಯಾದರೆ ದೀನಿನ ಅಡ್ಡಿಯಿಲ್ಲ. ತೊಡಕು ಶುರುವಾಗುವುದು ಗಂಡನ ಕೆಲಸ ಹೋದಾಗ. ಹೆಂಡತಿ ಅವನ ಇಕಾಮಾದಲ್ಲೇ ಇದ್ದರೆ ಇಬ್ಬರೂ ಅಲ್ಲಿಂದ ಹೊರಡಬೇಕು. ಅವನು ಟಿಕೆಟ್ ತೆಗೆದು ಊರಿಗೆ ಬರ್ತಾನೆ, ಅವಳಿಗೆ ವೀಸಾ ಬೇಕು.

ಭಾರತೀಯನ ವಿದೇಶಿ ಪತ್ನಿಗೆ ಎಂಟ್ರಿ ವೀಸಾ ಉಂಟು. ಇಬ್ಬರೂ ವಾಸವಿರುವ ದೇಶದ ಭಾರತೀಯ ರಾಯಭಾರ ಕಚೇರಿಯ ಮೂಲಕವೇ ಅರ್ಜಿ ಹಾಕಬಹುದು. ಆದರೆ ಉಸ್ತಾದರು ನಿಕಾಹ್ ಓದಿದ ಮಾತು ಅಲ್ಲಿ ನಡೆಯೋದಿಲ್ಲ, ರಿಜಿಸ್ಟರ್ ಆದ ಕಾಗದವೇ ಬೇಕು.

ಆಮೇಲೆ ಒಸಿಐ ಕಾರ್ಡ್. ಪೌರತ್ವ ಕಾಯ್ದೆಯ ಪ್ರಕಾರ ಮದುವೆ ನೋಂದಣಿಯಾಗಿ, ಅರ್ಜಿಗೆ ಮೊದಲು ಸತತ 2 ವರ್ಷ ಉಳಿದಿರಬೇಕು. ನಾಲ್ಕು ವರ್ಷ ಸಂಸಾರ ಮಾಡಿ ಈಗ ರಿಜಿಸ್ಟರ್ ಮಾಡಿಸಲು ಹೊರಟವರು ಇದನ್ನು ಗಮನಿಸಿ. ತಂದೆ-ತಾಯಿ, ಅಜ್ಜ-ಅಜ್ಜಿ, ಮುತ್ತಜ್ಜ-ಮುತ್ತಜ್ಜಿಯರಲ್ಲಿ ಒಬ್ಬರು ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೂ ಕಾರ್ಡ್ ಇಲ್ಲ. ಗಲ್ಫ್‌ನಲ್ಲಿ ಸಂಬಂಧ ನೋಡುವವರು ಇದನ್ನು ಮೊದಲೇ ಕೇಳಿಕೊಳ್ಳಲಿ.

ನನಗೆ ಕಠಿಣ ಅನ್ನಿಸುವುದು ಇನ್ನೊಂದು ನಿಯಮ. ಸಂಬಂಧ ಮುರಿದರೆ ಹೆಂಡತಿಯ ಒಸಿಐ ರದ್ದು ಮಾಡುವ ಅಧಿಕಾರ ಸರ್ಕಾರಕ್ಕಿದೆ. ಸುಳ್ಳು ಮದುವೆ ತಡೆಯಲು ಅದು ಬೇಕು ಎನ್ನಬಹುದು. ಆದರೆ ಇಲ್ಲೇ ಶಾಲೆಗೆ ಹೋಗುವ ಮಕ್ಕಳ ತಾಯಿ ಏನು ಮಾಡಬೇಕು? ತಲಾಖ್ ಪಂಚಾಯಿತಿಗೆ ಕೂರುವ ಜಮಾಅತ್‌ನವರು ಮಹರ್, ಖರ್ಚಿನ ಜೊತೆಗೆ ಇದನ್ನೂ ಕೇಳಬೇಕು.

ಮಕ್ಕಳ ವಿಷಯ: ಅಲ್ಲಿ ಹುಟ್ಟಿದ ಮಗುವನ್ನು 1 ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ತಡವಾದರೆ ಭಾರತೀಯ ಪೌರತ್ವಕ್ಕೆ ಕೇಂದ್ರದ ಅನುಮತಿ ಬೇಕಾಗುತ್ತದೆ.