ಮೊಲಕ್ಕೆ ಆಪರೇಷನ್ ಮಾಡಿಸಿದ್ದು ಪಾಪವಂತೆ!

"ಮೊಲಕ್ಕೆ ಬೀಜ ತೆಗೆಸಿದ್ಯಂತೆ? ಮೂಕಪ್ರಾಣಿ ಕಣೋ, ಪಾಪ ಸುತ್ತಿಕೊಳ್ಳುತ್ತೆ!" ಹೋದ ಭಾನುವಾರ ಊರಿಂದ ಚಿಕ್ಕಪ್ಪನ ಫೋನು. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಲ್ಲೂ ಇದೇ ಮಾತು, ಸ್ವಲ್ಪ ನಯವಾಗಿ: "ಪ್ರಕೃತಿಗೆ ವಿರುದ್ಧ ಅಲ್ವಾ?"

ಅಲ್ಲಾ ಸ್ವಾಮಿ, ಮೂರನೇ ಮಹಡಿಯ ಟೈಲ್ಸ್ ಮೇಲೆ ಮೊಲ ಸಾಕೋದು ಯಾವ ಪ್ರಕೃತಿ?

ಮೂರರಿಂದ ಆರು ತಿಂಗಳೊಳಗೆ ಗಂಡು ಮೊಲ ಪ್ರಾಯಕ್ಕೆ ಬರುತ್ತೆ. ಕಾಲ ಸುತ್ತ ಗೊರಗುಡುತ್ತಾ ಸುತ್ತುತ್ತೆ, ಗೋಡೆಗೆ, ಸೋಫಾಕ್ಕೆ ಉಚ್ಚೆ ಚಿಮ್ಮಿಸುತ್ತೆ, ದಿಂಬು ಸಿಕ್ಕರೂ ಮೇಲೆ ಹತ್ತುತ್ತೆ, ಎತ್ತಿಕೊಳ್ಳೋಕೆ ಹೋದರೆ ಕಚ್ಚುತ್ತೆ. ಇದು ಕೊಬ್ಬಲ್ಲ, ಹಾರ್ಮೋನು. ಬೈದರೆ ಹೋಗೋದಲ್ಲ.

ಆಗ ಜನ ಏನ್ಮಾಡ್ತಾರೆ? ಗೂಡಿಗೆ ಹಾಕಿ ಬಾಲ್ಕನಿಗೆ ತಳ್ತಾರೆ, ಇಲ್ಲಾ ಎಲ್ಲಾದರೂ ಬಿಟ್ಟು ಬರ್ತಾರೆ. ನಾನೂ ಅದನ್ನೇ ಮಾಡಿದವನು. ಮೊದಲನೇ ಮೊಲವನ್ನ ಊರಿಗೊಯ್ದು "ತೋಟದಲ್ಲಿ ಹಾಯಾಗಿರ್ಲಿ" ಅಂತ ಬಿಟ್ಟೆ. ಹಳ್ಳಿಯಲ್ಲಿ ಬೆಳೆದವನಿಗೆ ಗೊತ್ತಿರಬೇಕಿತ್ತು. ನಮ್ಮ ಹೊಲದ ಕಾಡುಮೊಲದ ಜಾತಿಯೇ ಬೇರೆ. ಅಂಗಡಿಯಲ್ಲಿ ಸಿಗೋದು ಯುರೋಪಿನ ಮೊಲದ ವಂಶ, ಗೂಡಲ್ಲೇ ಹುಟ್ಟಿ ಬೆಳೆದದ್ದು. ಬೆಳಗಾಗೋದರೊಳಗೆ ನಾಯಿಗಳು ಮುಗಿಸಿದ್ದವು. ಆಗ ಯಾರೂ ಪಾಪದ ಮಾತೆತ್ತಲಿಲ್ಲ. "ತಾತನ ತೋಟದಲ್ಲಿದೆ" ಅಂತ ಮಗಳಿಗೆ ಸುಳ್ಳು ಹೇಳಿದೆ.

ಇದೇ ಚಿಕ್ಕಪ್ಪ ಹೋರಿಯ ಕಾಲು ಕಟ್ಟಿ ಕೆಡವಿ ಬೀಜ ಒಡೆಸುವಾಗ ಹಗ್ಗ ಹಿಡಿದವನು ನಾನು. ಅರಿವಳಿಕೆ ಇಲ್ಲ, ಏನಿಲ್ಲ. ನೇಗಿಲಿಗೆ ಬಗ್ಗಲಿ ಅಂತ ಮಾಡಿಸಿದ್ದು. ಅದು ಬೇಸಾಯ. ಮೊಲಕ್ಕೆ ನೋವಾಗದ ಹಾಗೆ ಮದ್ದು ಕೊಟ್ಟು ಮಾಡಿಸಿದರೆ ಪಾಪ! ನಮ್ಮ ಸೋಫಾನೂ ಉಳೀತು, ನಿಜ. ಆದರೆ ಮೊಲದ ಗೂಡಿನ ಬಾಗಿಲೂ ತೆರೀತು.

ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಮೊಲಗಳನ್ನ ನೋಡಿ ಪಳಗಿದ ಡಾಕ್ಟರೇ ಬೇಕು. ನಮ್ಮ ಹಾಗೆ ಉಪವಾಸ ಕೆಡವಬಾರದು. ಮೊಲಕ್ಕೆ ವಾಂತಿ ಮಾಡೋಕೆ ಬರೋದಿಲ್ಲ, ಹಸಿದಿದ್ದರೆ ಕರುಳೇ ಕೆಲಸ ನಿಲ್ಲಿಸುತ್ತೆ. ಎಚ್ಚರವಾದ ಮೇಲೆ ಬೇಗ ಹುಲ್ಲು ಮುಟ್ಟಬೇಕು. ಮುಂದಿನ 4ರಿಂದ 6 ವಾರ ಹೆಣ್ಣಿನಿಂದ ದೂರ ಇಡಿ, ಆಗಲೂ ಮರಿ ಹುಟ್ಟಿಸಬಲ್ಲದು. ಹೆಣ್ಣು ಸುಮಾರು 31 ದಿನಕ್ಕೆ ಈಯುತ್ತೆ, ಈದ ದಿನವೇ ಮತ್ತೆ ಗಬ್ಬ ಕಟ್ಟುತ್ತೆ. ಗಂಡಿನ ಚಾಳಿಗಳು ಇಳಿಯೋಕೂ ಕೆಲವು ವಾರ ಬೇಕು, ತಾಳ್ಮೆ ಇರಲಿ.

ಮೊಲದ ಬೆಲೆಗಿಂತ ಆಪರೇಷನ್ ದುಬಾರಿ ಅಂತೀರಾ? ಹಾಗಾದ್ರೆ ಮೊಲ ತರಲೇಬೇಡಿ.

ಈಗಿನ ಮೊಲ ಮಗಳ ಕಾಲ ಹತ್ತಿರ ಮೈ ಚಾಚಿ ಮಲಗುತ್ತೆ. ಮೊನ್ನೆ ಅವಳು ಕೇಳಿದಳು: "ಅಪ್ಪಾ, ತಾತನ ತೋಟದ ಮೊಲಕ್ಕೂ ಆಪರೇಷನ್ ಮಾಡಿಸೋಣ್ವಾ?"

ನನಗೆ ಬಾಯೇ ಬರಲಿಲ್ಲ. ಪಾಪ ಅಂದ್ರೆ ಅದು, ಚಿಕ್ಕಪ್ಪಾ.