ಹೊಳೆಯೋದೆಲ್ಲಾ ಒಳ್ಳೇದಲ್ಲ!

ಲ್ಯಾಪ್‌ಟಾಪ್ ಕೊಳ್ಳೋಕೆ ಹೋದಾಗ ಮೆಮೊರಿ, ಪ್ರೊಸೆಸರ್ ಅಂತೆಲ್ಲಾ ಯಜಮಾನರು, ಮಕ್ಕಳು ವಿಚಾರಿಸುತ್ತಾರೆ. ನಾವು ಬ್ಯಾಗ್ ಹಿಡಿದು ಪಕ್ಕದಲ್ಲಿ ನಿಂತಿರುತ್ತೇವೆ. ಆದರೆ ಮನೆಯ ಯಾವ ಕಿಟಕಿಯಿಂದ ಎಷ್ಟು ಹೊತ್ತಿಗೆ ಬಿಸಿಲು ಬರುತ್ತೆ ಅನ್ನೋದು ಯಾರಿಗೆ ಗೊತ್ತು? ನಮಗೇ ತಾನೆ! ಹಾಗಾಗಿ ಪರದೆಯ ಆಯ್ಕೆಯಲ್ಲಿ ನಮ್ಮ ಮಾತೇ ನಡೆಯಬೇಕು ಅಂತೀನಿ ನಾನು.

2020ರಲ್ಲಿ ಆನ್‌ಲೈನ್ ಕ್ಲಾಸ್ ಶುರುವಾದಾಗ ನಾವು ಬಿ.ದುರ್ಗದ ನನ್ನ ತವರಲ್ಲಿದ್ದೆವು. ಮಗಳು ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತರೆ ಪರದೆ ತುಂಬಾ ಬಾಗಿಲು, ಅಂಗಳ, ಬಿಸಿಲು! "ಏನೇ ಇದು, ಕನ್ನಡಿ ಮುಂದೆ ಕುಂತಂಗೆ ಕುಂತೈತಲ್ಲ ಮಗು" ಅಂದರು ಅಮ್ಮ. ಅಂಗಡಿಯಲ್ಲಿ ನಮ್ಮನ್ನು ಮರುಳು ಮಾಡಿದ್ದೂ ಅದೇ ಹೊಳಪು. ಬೆಳಕು ತಪ್ಪಿಸಲು ಕತ್ತು ಓರೆ ಮಾಡಿ ಕೂತೂ ಕೂತೂ ಸಂಜೆಗೆ ಮಗಳಿಗೆ ಕತ್ತುನೋವು, ಕಣ್ಣುರಿ.

ಪಾಲಿಶ್ ಮಾಡಿದ ಗ್ರಾನೈಟ್ ನೆಲದಲ್ಲಿ ಟ್ಯೂಬ್‌ಲೈಟ್ ಕಾಣುತ್ತೆ. ಒರಟು ಕಲ್ಲಿನ ಅಂಗಳದಲ್ಲಿ ಕಾಣುತ್ತಾ? ಮ್ಯಾಟ್ ಅಥವಾ ಆ್ಯಂಟಿ-ಗ್ಲೇರ್ ಪರದೆಯ ಗುಟ್ಟೂ ಇಷ್ಟೇ. ಅದರ ಮೇಲ್ಮೈ ಬಹಳ ಸೂಕ್ಷ್ಮವಾಗಿ ಒರಟಾಗಿರುವುದರಿಂದ ಬೆಳಕು ಚದುರಿಹೋಗುತ್ತದೆ. ಬಣ್ಣಗಳು ತುಸು ಮಂದ ಕಾಣಬಹುದು, ಅಷ್ಟೆ.

ಅಂಗಡಿಯಲ್ಲಿ ಪರೀಕ್ಷಿಸೋದು ಸುಲಭ. ಪರದೆ ಆಫ್ ಮಾಡಿಸಿ ನೋಡಿ. ನಿಮ್ಮ ಹಣೆಯ ಕುಂಕುಮ ಸ್ಪಷ್ಟವಾಗಿ ಕಂಡರೆ ಅದು ಗ್ಲಾಸಿ, ಮಸುಕಾಗಿ ಕಂಡರೆ ಮ್ಯಾಟ್. ಆಮೇಲೆ ಆನ್ ಮಾಡಿಸಿ, ಬಾಗಿಲ ಬಳಿಯ ಬೆಳಕಿಗೆ ಒಯ್ದು ಅಕ್ಷರ ಓದಿ. ಪರದೆಯ ಪ್ರಕಾಶ 300 ನಿಟ್ಸ್ ಆದರೂ ಇದೆಯಾ ಅಂತ ಕೇಳಿ. ನಮ್ಮ ಚಿತ್ರದುರ್ಗದ ಬಿಸಿಲಿಗೆ ಅದಕ್ಕಿಂತ ಕಡಿಮೆ ಸಾಲದು. ಟಚ್ ಸ್ಕ್ರೀನ್‌ಗಳು ಹೆಚ್ಚಾಗಿ ಗ್ಲಾಸಿಯೇ, ಎಚ್ಚರ. ಈಗಾಗಲೇ ಗ್ಲಾಸಿ ಇದ್ದರೆ ಹೊಸದು ಬೇಡ, ಅಳತೆಗೆ ಸರಿಯಾದ ಮ್ಯಾಟ್ ಫಿಲ್ಮ್ ಅಂಟಿಸಬಹುದು.

ಇನ್ನು ಆರೈಕೆ. ಮ್ಯಾಟ್ ಲ್ಯಾಪ್‌ಟಾಪ್ ಬಂದ ಮೇಲೆ ತಪ್ಪು ಮಾಡಿದ್ದು ನಾನೇ! ಗಾಜು ಒರೆಸುವ ದ್ರಾವಣ ಚಿಮುಕಿಸಿ ಸೆರಗಲ್ಲಿ ಉಜ್ಜಿಬಿಟ್ಟೆ. ಮೂಲೆಯಲ್ಲಿ ಆ ಮಬ್ಬು ಕಲೆ ಇವತ್ತಿಗೂ ಇದೆ. ನೀವು ಹೀಗೆ ಮಾಡಿ:

* ಆಫ್ ಮಾಡಿ, ಪರದೆ ತಣ್ಣಗಾದ ಮೇಲೆ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ದೂಳು ತೆಗೆಯಿರಿ.

* ಕಲೆ ಹೋಗದಿದ್ದರೆ ಬಟ್ಟೆಗೆ ಎರಡು ಹನಿ ಡಿಸ್ಟಿಲ್ಡ್ ವಾಟರ್ ಹಾಕಿ ಒರೆಸಿ. ಪರದೆಗೆ ನೇರವಾಗಿ ನೀರು ಬೇಡ. ಗಡಸು ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಬಿಳಿ ಕಲೆ ಉಳಿಯುತ್ತೆ.

* ಅಮೋನಿಯಾ ಇರುವ ದ್ರಾವಣ, ಸೋಪು, ಟಿಶ್ಯೂ ಪೇಪರ್ ದೂರವಿಡಿ.

* ಕೀಬೋರ್ಡ್ ಮೇಲೆ ಪೆನ್ನು, ಹೇರ್‌ಪಿನ್ ಬಿಟ್ಟು ಮುಚ್ಚಬೇಡಿ.

ಮ್ಯಾಟ್ ಇದೆ ಅಂತ ಇಡೀ ದಿನ ನೋಡೋದು ಸರಿಯಲ್ಲ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡುವ ಅಭ್ಯಾಸ ಮಕ್ಕಳಿಗೆ ಮಾಡಿಸಿ.

ಸೀರೆ ಕೊಳ್ಳುವಾಗ ಅಂಗಡಿಯಿಂದ ಆಚೆ ತಂದು, ಬಿಸಿಲಲ್ಲಿ ಬಣ್ಣ ನೋಡುತ್ತೇವಲ್ಲ? ವರ್ಷಗಟ್ಟಲೆ ಮಕ್ಕಳ ಕಣ್ಣ ಮುಂದಿರೋ ಪರದೆಗೆ ಅಷ್ಟೂ ಮಾಡದಿದ್ದರೆ ಹೇಗೆ, ಏನಂತೀರಾ?