ಟಿಕೆಟ್ಟೇನೋ ಫ್ರೀ, ಇಳಿಯೋದೆಲ್ಲಿ?

ಹೋದ ವರ್ಷ ಕೊಟ್ಟೂರಿನಲ್ಲಿ ಹೊಸಪೇಟೆ ಬಸ್ಸು ಹತ್ತಿದ್ದೆ. ಪಕ್ಕದ ಸೀಟಿನಲ್ಲಿ ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಮಡಿಲಲ್ಲಿ ಬಟ್ಟೆ ಚೀಲ, ಎಡಗಣ್ಣಿನ ಕೆಳಗೆ ಬಾವು. ಕಂಡಕ್ಟರಿಗೆ "ಹೊಸಪೇಟೆ" ಅಂದಳು. ಶೂನ್ಯ ಟಿಕೆಟ್ ಕೈಗೆ ಬಂತು.

"ಹೊಸಪೇಟ್ಯಾಗ ಯಾರದಾರವ್ವ?" ಅಂದೆ.

"ಯಾರೂ ಇಲ್ರಿ ಅಕ್ಕ. ಬೋರ್ಡಿನಾಗ ಹೊಸಪೇಟೆ ಅಂತಿತ್ತು, ಹತ್ತಿದೆ."

ಗಂಡ ಹೊಡೆಯುತ್ತಾನೆ, ಎರಡು ಸಲ ತವರಿಗೆ ಹೋಗಿದ್ದಾಯಿತು, ಎರಡು ಸಲವೂ ಹಿರಿಯರು ರಾಜಿ ಮಾಡಿಸಿ ವಾಪಸ್ ಕಳಿಸಿದರು... ಇಷ್ಟೇ ಹೇಳಿದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ತಿರುಗಿ ಕೊಟ್ಟೂರಿನ ಬಸ್ಸು ಹತ್ತಿದಳು.

ಮನೆಗೆ ಬಂದಮೇಲೆ ಹುಡುಕಿದೆ. ನಾಚಿಕೆಯಾಯಿತು. ಓದಿದವಳು ನಾನು, ನನಗೇ ಗೊತ್ತಿರಲಿಲ್ಲ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೆಣ್ಣುಮಗಳ ಮಾತು ಕೇಳಿ, ವರದಿ ಬರೆದು, ಕೋರ್ಟಿಗೆ ಮುಟ್ಟಿಸಬೇಕಾದವರು ಸಂರಕ್ಷಣಾಧಿಕಾರಿ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಆ ಕೆಲಸ ಯಾರದು ಗೊತ್ತೇ? ಸಿಡಿಪಿಒ ಅವರದು. ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿಗಳನ್ನು ನೋಡಿಕೊಳ್ಳುವವರು! ಏಟು ತಿಂದ ಹುಡುಗಿ "ಶಿಶು ಅಭಿವೃದ್ಧಿ" ಎಂಬ ಬೋರ್ಡು ನೋಡಿ ಒಳಗೆ ಹೋಗುತ್ತಾಳೆಯೇ?

ಕಾಯ್ದೆ ಮಾತ್ರ ಬಡವಾಗಿಲ್ಲ. ತವರಿನಲ್ಲೋ ಗೆಳತಿಯ ಮನೆಯಲ್ಲೋ ತಾತ್ಕಾಲಿಕವಾಗಿ ಇದ್ದರೂ ಅಲ್ಲಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ವಕೀಲರನ್ನು ಕಾನೂನು ಸೇವಾ ಸಮಿತಿ ಪುಕ್ಕಟೆ ಕೊಡುತ್ತದೆ. ಮನೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ವಾಸದ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಇಷ್ಟಿದ್ದೂ ನಮ್ಮಲ್ಲಿ ಮೊದಲ ಕೋರ್ಟು ಕಟ್ಟೆಯ ಮೇಲಿನ ಹಿರಿಯರೇ.

ಇದು ಒಬ್ಬ ಹುಡುಗಿಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಕಂಡವರು.

ಸಖಿ ಕೇಂದ್ರ ಇದೆಯಲ್ಲ ಅನ್ನಬಹುದು. ಅದು 2015ರ ಯೋಜನೆ, ಜಿಲ್ಲೆಗೊಂದು ಎಂಬ ಲೆಕ್ಕ. ಹರಪನಹಳ್ಳಿಯವರನ್ನು ಕೇಳಿ: 1997ರಲ್ಲಿ ದಾವಣಗೆರೆಗೆ ಸೇರಿಸಿದರು, ಆಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಹತ್ತಿರದ ದೊಡ್ಡ ಊರು ದಾವಣಗೆರೆ, ಜಿಲ್ಲಾ ಕೇಂದ್ರ ದೂರದ ಹೊಸಪೇಟೆ. ರಾತ್ರಿ ಹತ್ತಕ್ಕೆ ಏಟು ತಿಂದವಳು ಯಾವ ಬಸ್ಸು ಹಿಡಿಯಬೇಕು? ಫೋನ್ ಮಾಡೋಣವೆಂದರೆ ಎಷ್ಟೋ ಮನೆಗಳಲ್ಲಿ ಫೋನೂ ಗಂಡನದೇ.

ಇನ್ನೊಂದು ಭಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹದಿನಾರಕ್ಕೆ, ಹದಿನೇಳಕ್ಕೆ ಮದುವೆಯಾದವಳ ಕಥೆ. ಬಾಲ್ಯವಿವಾಹ ತಡೆಯಬೇಕಾದ ಅಧಿಕಾರಿಯೂ ಅದೇ ಸಿಡಿಪಿಒ. "ಹೊಡೀತಾನೆ" ಅಂತ ಹೇಳಲು ಹೋದರೆ ವಯಸ್ಸು ಹೊರಬರುತ್ತದೆ. ಗಂಡನ ಮೇಲೆ ಪೋಕ್ಸೊ, ಮದುವೆ ಮಾಡಿದ ಅಪ್ಪ ಅಮ್ಮನ ಮೇಲೂ ಕೇಸು. "ಹೋಗು ಹೇಳು, ನಿಮ್ಮಪ್ಪನೂ ಒಳಗೆ ಹೋಗ್ತಾನೆ" ಅನ್ನುವ ಒಂದು ಮಾತು ಸಾಕು, ಅವಳು ಬಾಯಿ ಮುಚ್ಚುತ್ತಾಳೆ. ಕಾಯ್ದೆ ಸಡಿಲಿಸಿ ಅಂತ ನಾನು ಹೇಳುತ್ತಿಲ್ಲ. ಆದರೆ ತಪ್ಪು ಅವಳದಲ್ಲ, ಅವಳ ಮೇಲೆ ಕೇಸಿಲ್ಲ, ಹದಿನೆಂಟು ತುಂಬದವಳಿಗೆ ಆಸರೆ ಕೊಡಿಸುವುದು ಮಕ್ಕಳ ಕಲ್ಯಾಣ ಸಮಿತಿಯ ಕರ್ತವ್ಯ ಎಂಬುದನ್ನು ಅವಳಿಗೆ ಮೊದಲೇ ಯಾರಾದರೂ ಹೇಳಬೇಕಲ್ಲವೇ? ಅಂಗನವಾಡಿ ಕಾರ್ಯಕರ್ತೆ ಪ್ರತಿ ಊರಿನಲ್ಲೂ ಇದ್ದಾರೆ. ಬಸುರಿ ಬಾಣಂತಿಯರ ಮನೆಗೆ ಅವರು ಹೋದರೆ ಯಾರೂ ಅನುಮಾನ ಪಡುವುದಿಲ್ಲ. ಆ ಮಾತನ್ನು ಅವರೇ ಮುಟ್ಟಿಸಬಹುದು. ಅದಕ್ಕೆ ಬೇಕಾದ ತರಬೇತಿಯನ್ನೂ ಕೆಲಸಕ್ಕೆ ತಕ್ಕ ಗೌರವಧನವನ್ನೂ ಕೊಟ್ಟು ಕೇಳಿ.

ನನ್ನದು ಸಣ್ಣ ಬೇಡಿಕೆಗಳು. ಆರೂ ತಾಲ್ಲೂಕುಗಳಲ್ಲಿ ಸಿಡಿಪಿಒ ಇರುವ ಕಡೆ ಬಾಗಿಲಿಗೆ "ಮನೆಯಲ್ಲಿ ಹೊಡೆತವೇ? ಇಲ್ಲಿ ಬನ್ನಿ" ಎಂಬ ಬೋರ್ಡು ಹಾಕಿ. ಒಂದು ರಾತ್ರಿ ತಂಗಲು ತಾಲ್ಲೂಕಿನಲ್ಲೇ ಒಂದು ಕೋಣೆ ಕೊಡಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳ ಕೈಗೆ ಬರುತ್ತಿರುವ ಶೂನ್ಯ ಟಿಕೆಟ್ಟಿನ ಮೇಲೆ 181, 112, 1098 ಅಚ್ಚು ಹಾಕಿ. ಎಲ್ಲರ ಹತ್ತಿರವೂ ಇರುವ ಚೀಟಿ, ಗಂಡ ನೋಡಿದರೂ ಅನುಮಾನ ಬರುವುದಿಲ್ಲ.

ಅವತ್ತು ಅವಳ ಕೈಯಲ್ಲಿ ಟಿಕೆಟ್ ಇತ್ತು. ಎಲ್ಲಿ ಇಳಿಯಬೇಕು ಅಂತ ಹೇಳುವವರು ಇರಲಿಲ್ಲ. ನಾನೂ ಹೇಳಲಿಲ್ಲ. ನೀವಾದರೂ ನಿಮ್ಮ ಪಕ್ಕದ ಸೀಟಿನವಳಿಗೆ ಹೇಳ್ತೀರಲ್ಲ?